ದೂರದರ್ಶಕದ ಪೀಠ ಬಿಗಿಯಾದಾಗ



ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲೋ ಊರಿನ ಖಗೋಳ ವೀಕ್ಷಕರ ಸಂಘದಲ್ಲೋ ಮೋಟರ್ ಜೋಡಿಸಿದ ದೂರದರ್ಶಕವೊಂದು ಇದ್ದರೆ, ಅದರ ಕ್ಲಚ್ಚುಗಳನ್ನು ಸಡಿಲಿಸಿ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಅದು ತಿರುಗಬೇಕು. ಹಾಗೆ ತಿರುಗದೆ ಜಗ್ಗಿ, ತಡೆದು, ಆಮೇಲೆ ಥಟ್ಟನೆ ಜಿಗಿದರೆ, ಒಳಗೆ ಏನೋ ಸರಿಯಿಲ್ಲ ಎಂದೇ ಅರ್ಥ. ಆಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದು, ಇನ್ನಷ್ಟು ಬಲ ಹಾಕುವುದು. ಇನ್ನೊಂದು, ‘ಹೇಗೂ ಮೋಟರ್ ಇದೆಯಲ್ಲ’ ಎಂದು ಸುಮ್ಮನಾಗುವುದು. ಎರಡೂ ತಪ್ಪು. ಅದೇಕೆ ತಪ್ಪು, ಸರಿಯಾದ ದಾರಿ ಯಾವುದು ಎಂಬುದನ್ನು ಈ ಪುಟಗಳಲ್ಲಿ ಸಾವಧಾನವಾಗಿ ನೋಡೋಣ.

ಇದು ಬರಿಯ ರಿಪೇರಿಯ ಮಾತಲ್ಲ. 2020ರ ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಗ್ರಹಗಳು ಆಕಾಶದಲ್ಲಿ ಚಂದ್ರನ ಅಗಲದ ಸುಮಾರು ಐದನೇ ಒಂದು ಭಾಗದಷ್ಟೇ ಅಂತರದಲ್ಲಿ ಕಂಡವು. ಸೂರ್ಯಾಸ್ತವಾಗಿ ಸುಮಾರು ಎರಡು ಗಂಟೆಯೊಳಗೆ ಎರಡೂ ಮುಳುಗಿದವು. ಅಷ್ಟು ಹತ್ತಿರದ ಸಂಯೋಗ ಮತ್ತೆ ಬರುವುದು 2080ರಲ್ಲಿ. 2012ರ ಜೂನ್ 6ರಂದು ಸೂರ್ಯಬಿಂಬವನ್ನು ದಾಟಿದ ಶುಕ್ರ ಮತ್ತೆ ಹಾಗೆ ದಾಟುವುದು 2117ರಲ್ಲಿ. ಆಕಾಶ ಯಾರಿಗೂ ಕಾಯುವುದಿಲ್ಲ. ಅಂಥ ಸಂಜೆ ಪೀಠ ಅಲುಗದೆ ನಿಂತರೆ ಕಳೆದುಕೊಳ್ಳುವುದು ಒಂದು ಗಿಯರನ್ನಲ್ಲ, ಒಂದು ಜೀವಮಾನದ ನೋಟವನ್ನು.

ಪೀಠದ ಕೆಲಸವೇನು?

ಭೂಮಿ 23 ಗಂಟೆ 56 ನಿಮಿಷ 4 ಸೆಕೆಂಡುಗಳಿಗೊಮ್ಮೆ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗುತ್ತದೆ. ಆದ್ದರಿಂದ ಆಕಾಶವೆಲ್ಲ ಗಂಟೆಗೆ ಸುಮಾರು 15 ಡಿಗ್ರಿಯಂತೆ ಪಶ್ಚಿಮಕ್ಕೆ ಸರಿದಂತೆ ಕಾಣುತ್ತದೆ. ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಅಂದರೆ ಎರಡು ನಿಮಿಷಕ್ಕೊಮ್ಮೆ ಆಕಾಶ ಒಂದು ಚಂದ್ರನ ಅಗಲದಷ್ಟು ಜರುಗುತ್ತದೆ. ಬರಿಗಣ್ಣಿಗೆ ಇದು ತಿಳಿಯುವುದಿಲ್ಲ. ಆದರೆ 100 ಪಟ್ಟು ದೊಡ್ಡದು ಮಾಡಿ ನೋಡುವಾಗ ದೂರದರ್ಶಕದ ನೋಟದ ಕ್ಷೇತ್ರವೇ ಸುಮಾರು ಅರ್ಧ ಡಿಗ್ರಿ. ನಡುಮಧ್ಯದಲ್ಲಿದ್ದ ಗ್ರಹ ಒಂದೇ ನಿಮಿಷದಲ್ಲಿ ಅಂಚು ದಾಟಿ ಮರೆಯಾಗುತ್ತದೆ.

ಈ ಓಟಕ್ಕೆ ಸಾಟಿಯಾಗಿ ದೂರದರ್ಶಕವನ್ನು ತಿರುಗಿಸುವುದು ಮೌಂಟ್ ಎಂದು ಕರೆಯುವ ಪೀಠದ ಕೆಲಸ. ಅದಕ್ಕೆ ಎರಡು ಅಕ್ಷಗಳಿರುತ್ತವೆ. ಧ್ರುವಾಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ಧ್ರುವ ನಕ್ಷತ್ರದ ಕಡೆಗೆ ಮುಖಮಾಡಿರುತ್ತದೆ. ಅದಕ್ಕೆ ಲಂಬವಾಗಿರುವುದು ಕ್ರಾಂತಿ ಅಕ್ಷ. ಧ್ರುವಾಕ್ಷವನ್ನು ಸರಿಯಾದ ವೇಗದಲ್ಲಿ ಪಶ್ಚಿಮಕ್ಕೆ ತಿರುಗಿಸುತ್ತಿದ್ದರೆ ಸಾಕು, ಗ್ರಹ ನೋಟದ ನಡುವೆ ನಿಂತೇ ಇರುತ್ತದೆ. 1824ರಲ್ಲಿ ಜರ್ಮನಿಯ ಫ್ರಾನ್‌ಹೋಫರ್ ಇಂದಿನ ಎಸ್ಟೋನಿಯಾ ದೇಶದ ಟಾರ್ಟು ನಗರದ ವೀಕ್ಷಣಾಲಯಕ್ಕೆ ಮಾಡಿಕೊಟ್ಟ ದೂರದರ್ಶಕದಲ್ಲಿ ಈ ಕೆಲಸವನ್ನು ಗಡಿಯಾರದ ಯಂತ್ರ ಮಾಡುತ್ತಿತ್ತು. ಇಂದು ಮೋಟರ್ ಮಾಡುತ್ತದೆ.

ಇಲ್ಲಿ ಭಾರಕ್ಕಿಂತ ಮುಖ್ಯವಾದುದು ಘರ್ಷಣೆ. ಅಮೆರಿಕದ ಪಾಲೊಮಾರ್ ಬೆಟ್ಟದ ಮೇಲೆ 1948ರಲ್ಲಿ ಉದ್ಘಾಟನೆಯಾದ ಹೇಲ್ ದೂರದರ್ಶಕದ ಕನ್ನಡಿಯ ವ್ಯಾಸ ಸುಮಾರು 5 ಮೀಟರ್. ಅದರ ಚಲಿಸುವ ಭಾಗದ ತೂಕ ಸುಮಾರು 500 ಟನ್. ಅದನ್ನು ನಕ್ಷತ್ರಗಳ ಹಿಂದೆ ತಿರುಗಿಸಲು ಒಂದು ಅಶ್ವಶಕ್ತಿಯ ಹನ್ನೆರಡನೇ ಒಂದು ಭಾಗದಷ್ಟು ಸಣ್ಣ ಮೋಟರ್ ಸಾಕಾಯಿತು. ಕಾರಣ, ಆ ಇಡೀ ಭಾರ ಒತ್ತಡದಿಂದ ಹಾಯಿಸಿದ ಎಣ್ಣೆಯ ತೆಳು ಪದರದ ಮೇಲೆ ತೇಲುತ್ತಿತ್ತು. 500 ಟನ್ನಿಗೆ ಅಷ್ಟು ಸಾಕೆಂದ ಮೇಲೆ, ಹತ್ತು ಕಿಲೋ ತೂಕದ ನಮ್ಮ ದೂರದರ್ಶಕಕ್ಕೆ ತೋಳಿನ ಬಲವೆಲ್ಲ ಬೇಕಾದರೆ, ಅದು ತೂಕದ ದೋಷವಾಗಿರಲಾರದು.

ವರ್ಮ್ ಮತ್ತು ಅದರ ಚಕ್ರ

ಈಗ ಪೀಠದ ಒಳಗೆ ಇಣುಕೋಣ. ಉದಾಹರಣೆಗೆ ವಿಕ್ಸೆನ್ ಗ್ರೇಟ್ ಪೊಲಾರಿಸ್ ಮತ್ತು ಅದೇ ಬಗೆಯ ಇಕ್ಯೂ-5 ಪೀಠಗಳನ್ನು ತೆಗೆದುಕೊಳ್ಳಿ. ಧ್ರುವಾಕ್ಷದ ಸುತ್ತ 144 ಹಲ್ಲುಗಳ ಚಕ್ರವೊಂದಿದೆ. ಅದರ ಹಲ್ಲುಗಳಿಗೆ ತಾಗಿಕೊಂಡು ತಿರುಪುಮೊಳೆಯಂಥ ಒಂದು ಸಣ್ಣ ದಂಡ ಇದೆ. ಇದೇ ವರ್ಮ್. ವರ್ಮ್ ಒಂದು ಸುತ್ತು ತಿರುಗಿದರೆ ಚಕ್ರ ಒಂದು ಹಲ್ಲು ಮುಂದೆ ಹೋಗುತ್ತದೆ. 360 ಡಿಗ್ರಿಯನ್ನು 144ರಿಂದ ಭಾಗಿಸಿದರೆ ಎರಡೂವರೆ ಡಿಗ್ರಿ. ಹೀಗಾಗಿ ಆಕಾಶದ ವೇಗಕ್ಕೆ ಹೊಂದಲು ಮೋಟರ್ ಈ ವರ್ಮನ್ನು ಸುಮಾರು 9 ನಿಮಿಷ 58 ಸೆಕೆಂಡಿಗೊಂದು ಸುತ್ತಿನಂತೆ ತಿರುಗಿಸಿದರೆ ಸಾಕು.

ವರ್ಮಿಗೆ ಒಂದು ವಿಶೇಷ ಗುಣವಿದೆ. ಅದು ಚಕ್ರವನ್ನು ತಿರುಗಿಸಬಲ್ಲದು. ಚಕ್ರ ಅದನ್ನು ತಿರುಗಿಸಲಾರದು. ಗಿಟಾರಿನ ಕೀಲಿಯನ್ನು ನೆನಪಿಸಿಕೊಳ್ಳಿ. ಎರಡು ಬೆರಳಿನಿಂದ ಕೀಲಿ ತಿರುವಿ ತಂತಿಯನ್ನು ಬಿಗಿ ಮಾಡುತ್ತೇವೆ. ತಂತಿ ಎಷ್ಟೇ ಎಳೆದರೂ ಕೀಲಿ ಹಿಂದಕ್ಕೆ ತಿರುಗುವುದಿಲ್ಲ. ಅಲ್ಲಿರುವುದೂ ವರ್ಮೇ. ಅದರ ಸುರುಳಿಯ ಓರೆ ತೀರ ಕಡಿಮೆ ಇರುವುದರಿಂದ ಘರ್ಷಣೆಯೇ ಬೀಗದಂತೆ ಕೆಲಸ ಮಾಡುತ್ತದೆ.

ಹಾಗಾದರೆ ದೂರದರ್ಶಕವನ್ನು ಕೈಯಿಂದ ತಿರುಗಿಸುವುದು ಹೇಗೆ ಸಾಧ್ಯ? ಅದಕ್ಕಾಗಿಯೇ ಕ್ಲಚ್ ಇದೆ. ಕ್ಲಚ್ಚಿನ ಹಿಡಿಯನ್ನು ಬಿಗಿ ಮಾಡಿದಾಗ ಚಕ್ರವೂ ಅಕ್ಷವೂ ಒಂದಾಗುತ್ತವೆ. ಸಡಿಲಿಸಿದಾಗ ವರ್ಮ್ ಹಿಡಿದುಕೊಂಡ ಚಕ್ರ ಇದ್ದಲ್ಲೇ ಇರುತ್ತದೆ. ಅಕ್ಷ ಮಾತ್ರ ಅದರೊಳಗೆ ಜಾರಿ ತಿರುಗುತ್ತದೆ. ಕ್ಲಚ್ ಬಿಗಿಯಾಗಿರುವಾಗ ಕೊಳವೆಯನ್ನು ಹಿಡಿದು ತಳ್ಳಿದರೆ ಆ ಬಲವೆಲ್ಲ ಬೀಳುವುದು ತಾಗಿಕೊಂಡಿರುವ ಒಂದೆರಡು ಹಲ್ಲುಗಳ ಮೇಲೆ. ಹಲ್ಲು ಸವೆದರೆ ಅಥವಾ ಮುರಿದರೆ ಇಡೀ ಚಕ್ರವನ್ನೇ ಬದಲಿಸಬೇಕು. ಬಲ ಹಾಕಬಾರದು ಎನ್ನುವುದಕ್ಕೆ ಮೊದಲ ಕಾರಣ ಇದು.

ಎರಡನೆಯ ಕಾರಣ ಮೋಟರಿನ ಪೆಟ್ಟಿಗೆಯಲ್ಲಿದೆ. ಕೆಲವು ಪೀಠಗಳಲ್ಲಿ ವರ್ಮಿನ ತುದಿಗೆ ಕೈಯಿಂದ ತಿರುವುವ ಗುಂಡಿಯೂ ಇರುತ್ತದೆ. ಮೋಟರ್ ಜೋಡಿಸಿದ ಮೇಲೆ ಈ ಗುಂಡಿ ಗಟ್ಟಿಯಾಯಿತೆಂದು ಎಷ್ಟೋ ಮಂದಿ ಗಾಬರಿಯಾಗುತ್ತಾರೆ. ಮೋಟರಿನ ಗಿಯರ್‌ಗಳು ವೇಗವನ್ನು 120 ಪಟ್ಟು ತಗ್ಗಿಸುತ್ತವೆ ಎಂದಿಟ್ಟುಕೊಳ್ಳಿ. ಗುಂಡಿಯನ್ನು ಒಂದು ಸುತ್ತು ತಿರುವಬೇಕಾದರೆ ಮೋಟರ್ 120 ಸುತ್ತು ತಿರುಗಬೇಕು. ಬಿಗಿ ಎನ್ನಿಸದೆ ಇನ್ನೇನಾದೀತು? ಇದು ದೋಷವಲ್ಲ, ಯಂತ್ರದ ಸ್ವಭಾವ. ಮೋಟರಿಗೂ ವರ್ಮಿಗೂ ನಡುವೆ ಇರುವ ಚಿಕ್ಕ ಕ್ಲಚ್ಚನ್ನು ಬಿಡಿಸಬೇಕು. ಅದಿಲ್ಲದಿದ್ದರೆ ಜೋಡಣೆಯ ತಿರುಪನ್ನು ಸಡಿಲಿಸಿ ಗಿಯರನ್ನು ಪಕ್ಕಕ್ಕೆ ಸರಿಸಬೇಕು. ಆಮೇಲೆ ಗುಂಡಿ ಹಗುರವಾಗಿ ತಿರುಗುತ್ತದೆ.

ಮೋಟರ್ ಇದ್ದ ಮೇಲೆ ಕೈಯ ಚಿಂತೆ ಏಕೆ?

ಈ ಪ್ರಶ್ನೆ ಸಹಜ. ಮೋಟರ್ ದೋಷವನ್ನು ಸರಿಪಡಿಸುವುದಿಲ್ಲ, ಮುಚ್ಚಿಡುತ್ತದೆ. ಬಿಗಿಯಾದ ಅಕ್ಷವನ್ನು ಎಳೆಯುವಾಗ ಅದು ಹೆಚ್ಚು ವಿದ್ಯುತ್ತನ್ನು ಹೀರುತ್ತದೆ. ಬ್ಯಾಟರಿ ಬೇಗ ಬರಿದಾಗುತ್ತದೆ. ಸ್ಟೆಪ್ಪರ್ ಬಗೆಯ ಮೋಟರ್ ಆಗಿದ್ದರೆ ನಡುನಡುವೆ ಹೆಜ್ಜೆ ತಪ್ಪುತ್ತದೆ. ತಪ್ಪಿದ್ದು ಸಾಮಾನ್ಯವಾಗಿ ಅದಕ್ಕೇ ತಿಳಿಯುವುದಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ದೂರದರ್ಶಕ ಶನಿಯನ್ನು ನೋಡುತ್ತಿರುತ್ತದೆ, ಕಣ್ಣಿಗೆ ಕಾಣುವುದು ಖಾಲಿ ಆಕಾಶ. ಘರ್ಷಣೆಯಲ್ಲಾಗುವ ಬದಲಾವಣೆಯನ್ನು ಕೈ ತಟ್ಟನೆ ಗುರುತಿಸುತ್ತದೆ. ಹೀಗಾಗಿ ಪೀಠದ ಆರೋಗ್ಯವನ್ನು ಪರೀಕ್ಷಿಸಲು ನಿಮ್ಮಲ್ಲಿರುವ ಅತ್ಯುತ್ತಮ ಉಪಕರಣ ನಿಮ್ಮ ಕೈಯೇ.

ಬಿಗಿ ಎಲ್ಲಿದೆ? ಒಂದೊಂದನ್ನೇ ಬಿಡಿಸಿ ನೋಡಿ

ವೈದ್ಯರು ರೋಗ ಗುರುತಿಸುವ ಮೊದಲೇ ಔಷಧಿ ಕೊಡುವುದಿಲ್ಲ. ಇಲ್ಲೂ ಹಾಗೆಯೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಪುಸ್ತಕದಲ್ಲಿ ಬರೆದುಕೊಳ್ಳಿ. ಈ ಕೆಲಸವನ್ನು ಉಪಾಧ್ಯಾಯರ ಸಮ್ಮುಖದಲ್ಲಿ ಮಾಡಿ.

1. ಮೊದಲು ವಿದ್ಯುತ್ ಸಂಪರ್ಕ ತೆಗೆಯಿರಿ. ಎರಡೂ ಕ್ಲಚ್ಚುಗಳು ನಿಜವಾಗಿ ಸಡಿಲವಾಗಿವೆಯೇ ನೋಡಿ. ಕೆಲವೊಮ್ಮೆ ಹಿಡಿಯು ಪೀಠದ ಮೈಗೆ ತಗುಲಿ ಅರ್ಧಕ್ಕೇ ನಿಂತಿರುತ್ತದೆ.

2. ಅಡ್ಡಿಗಳನ್ನು ನೋಡಿ. ತಂತಿ ಎಲ್ಲಾದರೂ ಸಿಕ್ಕಿಕೊಂಡಿರಬಹುದು. ನಮ್ಮ ನಾಡಿಗೆ ವಿಶೇಷವಾದ ಇನ್ನೊಂದು ಅಡ್ಡಿಯೂ ಇದೆ. ಧ್ರುವಾಕ್ಷದ ಓರೆ ಊರಿನ ಅಕ್ಷಾಂಶದಷ್ಟೇ ಇರಬೇಕು. ಬೆಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ, ಬೀದರಿನಲ್ಲಿ ಸುಮಾರು 18. ಅಂದರೆ ಅಕ್ಷ ಹೆಚ್ಚುಕಡಿಮೆ ಮಲಗಿದಂತೆ ಇರುತ್ತದೆ. ಹೀಗಿರುವಾಗ ಸಮತೂಕದ ಗುಂಡು ಮುಕ್ಕಾಲಿಯ ಕಾಲಿಗೆ ತಾಗುವ ಸಂಭವ ಹೆಚ್ಚು.

3. ಸಮತೂಕ ನೋಡಿ. 5 ಕಿಲೋ ತೂಕದ ಕೊಳವೆಯ ಮಧ್ಯ ಧ್ರುವಾಕ್ಷದಿಂದ 20 ಸೆಂ.ಮೀ. ದೂರದಲ್ಲಿದ್ದರೆ, 4 ಕಿಲೋ ಗುಂಡನ್ನು ಇನ್ನೊಂದು ಕಡೆ 25 ಸೆಂ.ಮೀ. ದೂರದಲ್ಲಿಡಬೇಕು. ಎರಡೂ ಕಡೆ ಗುಣಲಬ್ಧ 100. ಸಮತೂಕ ತಪ್ಪಿದ್ದರೆ ಒಂದು ದಿಕ್ಕಿಗೆ ಬಿಗಿ, ಇನ್ನೊಂದು ದಿಕ್ಕಿಗೆ ಸಲೀಸು ಎನಿಸುತ್ತದೆ. ಎರಡೂ ದಿಕ್ಕಿಗೆ ಒಂದೇ ಸಮ ಬಿಗಿಯಾಗಿದ್ದರೆ ದೋಷ ಪೀಠದ ಒಳಗಿದೆ.

4. ಈಗ ಮೊದಲು ಕೊಳವೆಯನ್ನು, ಆಮೇಲೆ ಗುಂಡುಗಳನ್ನು ಇಳಿಸಿ. ಗುಂಡುಗಳನ್ನು ಮೊದಲು ತೆಗೆದರೆ ಕೊಳವೆ ಜೋಲಿ ಹೊಡೆದು ಕೆಳಗೆ ಬಡಿಯುತ್ತದೆ. ಬರಿಯ ಅಕ್ಷವನ್ನು ನಿಧಾನವಾಗಿ ಪೂರ್ತಿ ಸುತ್ತು ತಿರುಗಿಸಿ. ಆಮೇಲೆ ಬೇಗ ತಿರುಗಿಸಿ. ನಿಧಾನವಾಗಿ ತಿರುಗಿಸಿದಾಗ ಸಲೀಸು, ಬೇಗ ತಿರುಗಿಸಿದಾಗ ತಡೆ ಎಂದಾದರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ. ಅಂಟು ದ್ರವದ ತಡೆ ವೇಗದೊಂದಿಗೆ ಏರುತ್ತದೆ. ವೇಗ ಎಷ್ಟಿದ್ದರೂ ತಡೆ ಅಷ್ಟೇ, ಹೊರಡುವಾಗ ಮಾತ್ರ ಒಂದು ಜಿಗಿತ ಎಂದಾದರೆ ಲೋಹಕ್ಕೆ ಲೋಹ ಉಜ್ಜುತ್ತಿದೆ, ಇಲ್ಲವೇ ಬೇರಿಂಗನ್ನು ಅತಿಯಾಗಿ ಬಿಗಿಮಾಡಲಾಗಿದೆ. ಸ್ಥಿತಿ ಘರ್ಷಣೆ ಚಲನ ಘರ್ಷಣೆಗಿಂತ ಹೆಚ್ಚು ಎಂದು ಪಾಠದಲ್ಲಿ ಓದಿದ್ದೀರಲ್ಲ, ಆ ಜಿಗಿತಕ್ಕೆ ಅದೇ ಕಾರಣ.

5. ಕೊನೆಗೆ ಮೋಟರನ್ನು ಬೇರ್ಪಡಿಸಿ, ಕ್ಲಚ್ ಬಿಗಿಮಾಡಿ, ವರ್ಮನ್ನು ಕೈಯಿಂದ ತಿರುವಿ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬಿಗಿಯಾದರೆ ವರ್ಮ್ ಡೊಂಕಾಗಿದೆ ಅಥವಾ ಅದರ ಸುರುಳಿಯಲ್ಲಿ ಕಸವಿದೆ. ಹಲವು ಸುತ್ತುಗಳ ನಂತರ ಅಕ್ಷದ ಒಂದು ಭಾಗದಲ್ಲಿ ಮಾತ್ರ ಬಿಗಿಯಾದರೆ ಚಕ್ರದ ದುಂಡು ಸರಿಯಾಗಿಲ್ಲ. ಎಲ್ಲ ಕಡೆಯೂ ಬಿಗಿಯಾಗಿದ್ದರೆ ವರ್ಮನ್ನು ಚಕ್ರಕ್ಕೆ ಅತಿಯಾಗಿ ಒತ್ತಿ ಕೂರಿಸಿರಬಹುದು.

ಗ್ರೀಸ್ ಗಟ್ಟಿಯಾಗಿದ್ದರೆ

ಗ್ರೀಸ್ ಎಂದರೆ ಒಂದು ಬಗೆಯ ಸಾಬೂನಿನಲ್ಲಿ ಹಿಡಿದಿಟ್ಟ ಎಣ್ಣೆ. ಸ್ಪಂಜಿನಲ್ಲಿ ನೀರಿದ್ದಂತೆ ಸಾಬೂನಿನಲ್ಲಿ ಎಣ್ಣೆ ಇರುತ್ತದೆ. ವರ್ಷಗಳು ಕಳೆದಂತೆ ಎಣ್ಣೆ ಸೋರಿ ಹೋಗಿ ಸಾಬೂನು ಮೇಣದಂತೆ ಉಳಿಯುತ್ತದೆ. ಚಕ್ರಕ್ಕೂ ಅಕ್ಷಕ್ಕೂ ನಡುವಿನ ಅಗಲವಾದ ಮೇಲ್ಮೈಯಲ್ಲಿ ಇದು ಅಂಟಿನಂತೆ ಹಿಡಿದುಕೊಳ್ಳುತ್ತದೆ. ಕ್ಲಚ್ ಸಡಿಲಿಸಿದರೂ ಕೈಗೆ ಬಿಗಿ ಎನಿಸಲು ಇದೊಂದು ಸಾಮಾನ್ಯ ಕಾರಣ. ಚಳಿಯ ರಾತ್ರಿ ಬಿಗಿ ಹೆಚ್ಚಾಗಿ, ಹಗಲಿನ ಬಿಸಿಲಿಗೆ ಕಡಿಮೆಯಾದರೆ ಅನುಮಾನವೇ ಬೇಡ.

ಮೊದಲು ಸುಲಭದ ಉಪಾಯ ಮಾಡಿ. ಬೆಚ್ಚಗಿನ ಕೋಣೆಯಲ್ಲಿ, ಭಾರವಿಲ್ಲದ ಅಕ್ಷವನ್ನು ಹಿಂದಕ್ಕೂ ಮುಂದಕ್ಕೂ ನಲವತ್ತು ಐವತ್ತು ಸಲ ನಿಧಾನವಾಗಿ ಪೂರ್ತಿ ತಿರುಗಿಸಿ. ಒಂದೆಡೆ ಮುದ್ದೆಗಟ್ಟಿದ ಗ್ರೀಸ್ ಹರಡಿಕೊಂಡರೆ ಅಷ್ಟಕ್ಕೇ ಸರಿಹೋದೀತು. ಹೋಗದಿದ್ದರೆ ಬಿಚ್ಚಿ ಶುಚಿಮಾಡಬೇಕು. ಬಿಚ್ಚುವ ಮೊದಲು ಪ್ರತಿ ಹಂತದ ಚಿತ್ರ ಬರೆದುಕೊಳ್ಳಿ ಅಥವಾ ಫೋಟೋ ತೆಗೆದುಕೊಳ್ಳಿ. ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಬೇರೆ ಬೇರೆ ಮುಚ್ಚಳಗಳಲ್ಲಿ ಇಡಿ. ವಾಷರ್‌ಗಳು ಎಷ್ಟು, ಯಾವ ಮುಖ ಮೇಲೆ ಎಂಬುದನ್ನು ಬರೆದಿಡಿ. ಅಕ್ಷವನ್ನು ಹೊರತೆಗೆದು ಹಳೆಯ ಗ್ರೀಸನ್ನು ಮೊದಲು ಬಟ್ಟೆಯಿಂದ, ಆಮೇಲೆ ಸ್ವಲ್ಪ ಸೀಮೆಎಣ್ಣೆಯಿಂದ ಒರೆಸಿ ಪೂರ್ತಿ ಒಣಗಿಸಿ. ಇದನ್ನು ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ, ಕೈಗವಸು ಹಾಕಿಕೊಂಡು ಮಾಡಬೇಕು. ಪ್ಲಾಸ್ಟಿಕ್ ಭಾಗಗಳನ್ನು ಒಣಬಟ್ಟೆಯಿಂದಲೇ ಒರೆಸಿ. ಮಸೂರ, ಕನ್ನಡಿಗಳು ಆ ಕೋಣೆಯಲ್ಲೇ ಇರದಿದ್ದರೆ ಒಳ್ಳೆಯದು.

ಹೊಸದಾಗಿ ಹಚ್ಚಲು ಮೃದುವಾದ ಲಿಥಿಯಂ ಗ್ರೀಸ್ ಸಾಕು. ಅದೂ ತೆಳುವಾಗಿ, ಬೆರಳಿಗೆ ಜಿಡ್ಡು ಹತ್ತುವಷ್ಟು. ಹಳೆಯದರ ಮೇಲೆಯೇ ಹೊಸದನ್ನು ಮೆತ್ತಬೇಡಿ. ಬೇರೆ ಬೇರೆ ಬಗೆಯ ಗ್ರೀಸ್‌ಗಳು ಬೆರೆತರೆ ಕೆಲವೊಮ್ಮೆ ಕೆಟ್ಟು ನೀರಾಗುತ್ತವೆ ಅಥವಾ ಗಟ್ಟಿಯಾಗುತ್ತವೆ. ಹೊಲಿಗೆ ಯಂತ್ರದ ಎಣ್ಣೆ ತೀರ ತೆಳು, ನಿಲ್ಲದೆ ಹರಿದುಹೋಗುತ್ತದೆ. ತುಕ್ಕು ಬಿಡಿಸಲು ಸಿಂಪಡಿಸುವ ದ್ರವ ಇರುವ ಗ್ರೀಸನ್ನೂ ತೊಳೆದುಬಿಡುತ್ತದೆ. ಇನ್ನು ಮನೆಯಲ್ಲಿ ಕೈಗೆ ಸಿಗುವ ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ರಾತ್ರಿ ನಿಮ್ಮ ಬಚ್ಚಲುಮನೆಯ ಬಾಟಲಿಯಲ್ಲಿ ಆಗುವುದೇ ಪೀಠದ ಒಳಗೂ ಆಗುತ್ತದೆ.

ಬೇರಿಂಗ್ ಮತ್ತು ಹಲ್ಲುಗಳ ಹೊಂದಾಣಿಕೆ

ಸೈಕಲ್ ಅಂಗಡಿಯಲ್ಲಿ ಚಕ್ರದ ಕೋನ್ ಬಿಗಿಮಾಡುವುದನ್ನು ಗಮನಿಸಿದ್ದೀರಾ? ಬಿಗಿ ಹೆಚ್ಚಾದರೆ ಚಕ್ರ ತಿರುಗುವುದಿಲ್ಲ, ಕಡಿಮೆಯಾದರೆ ಅಲ್ಲಾಡುತ್ತದೆ. ಅಲ್ಲಾಟ ನಿಲ್ಲುವ ಹಂತದಲ್ಲೇ ಮೇಸ್ತ್ರಿ ಕೈ ತೆಗೆಯುತ್ತಾನೆ. ಪೀಠದ ಅಕ್ಷದ ತುದಿಯಲ್ಲಿರುವ ಉಂಗುರದಂಥ ನಟ್ಟಿಗೂ ಇದೇ ನಿಯಮ. ಅದನ್ನು ಹಿಡಿದಿರುವ ಪುಟ್ಟ ತಿರುಪುಗಳನ್ನು ಮೊದಲು ಸಡಿಲಿಸಿ, ನಟ್ಟನ್ನು ಒಂದು ಸಲಕ್ಕೆ ಸ್ವಲ್ಪವೇ ತಿರುವಿ, ಪ್ರತಿ ಸಲವೂ ಅಕ್ಷವನ್ನು ತಿರುಗಿಸಿ ನೋಡಿ.

ವರ್ಮಿಗೂ ಚಕ್ರಕ್ಕೂ ನಡುವಿನ ಅಂತರವನ್ನು ಹೊಂದಿಸಲು ವರ್ಮಿನ ಪೆಟ್ಟಿಗೆಯ ಬಳಿ ಸಣ್ಣ ತಿರುಪುಗಳಿರುತ್ತವೆ. ಕೆಲವು ದೂಡುತ್ತವೆ, ಕೆಲವು ಎಳೆದು ಹಿಡಿಯುತ್ತವೆ. ಅಲೆನ್ ಕೀ ಹಾಕಿ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ಒಮ್ಮೆಗೇ ತಿರುವಬೇಡಿ. ಚಕ್ರ ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಅತ್ಯಂತ ಬಿಗಿಯಾದ ಜಾಗವನ್ನು ಹುಡುಕಿ, ಅಲ್ಲಿ ವರ್ಮ್ ಸಲೀಸಾಗಿ ತಿರುಗುವಂತೆ ಹೊಂದಿಸಬೇಕು. ಉಳಿದೆಡೆ ತುಸು ಸಡಿಲು ಉಳಿಯುತ್ತದೆ, ಉಳಿಯಲಿ.

ಎಷ್ಟು ಸಡಿಲು ಸಹಿಸಬಹುದು? ಲೆಕ್ಕ ಹಾಕೋಣ. ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ. ವರ್ಮಿನ ಪೂರ್ತಿ ಸುತ್ತಿಗೆ ಎರಡೂವರೆ ಡಿಗ್ರಿ, ಅಂದರೆ 9000 ವಿಕಲೆ. ಹಾಗಾದರೆ ವರ್ಮ್ ಒಂದು ಡಿಗ್ರಿಯಷ್ಟು ಖಾಲಿ ತಿರುಗಿದರೆ ಆಕಾಶದಲ್ಲಿ 25 ವಿಕಲೆ. ಗುರುಗ್ರಹ ನಮಗೆ ಹತ್ತಿರವಿದ್ದಾಗ ಅದರ ಬಿಂಬದ ಅಗಲ 45ರಿಂದ 50 ವಿಕಲೆ. ಅಂದರೆ ಎರಡು ಡಿಗ್ರಿ ಸಡಿಲು ಗುರುವಿನ ಒಂದು ಬಿಂಬದಷ್ಟು. ಕಣ್ಣಿನಿಂದ ನೋಡುವವರಿಗೆ ಇದು ತೊಂದರೆಯೇ ಅಲ್ಲ. ಸಡಿಲನ್ನು ಸೊನ್ನೆ ಮಾಡಹೊರಟು ಬಿಗಿಯನ್ನು ಬರಮಾಡಿಕೊಂಡವರೇ ಹೆಚ್ಚು.

ಎಲ್ಲ ಮುಗಿದ ಮೇಲೆ ಮೋಟರ್ ಜೋಡಿಸಿ. ಅದರ ಗಿಯರ್ ಮತ್ತು ವರ್ಮಿನ ಗಿಯರ್ ನಡುವೆ ತೆಳು ಕಾಗದದಷ್ಟು ಅಂತರವಿರಲಿ. ಮೋಟರಿನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಕಂಪ್ಯೂಟರ್ ಇರುವ ಪೀಠವಾದರೆ ನಕ್ಷತ್ರಗಳನ್ನು ತೋರಿಸಿ ದಿಕ್ಕು ಗುರುತಿಸುವ ಕ್ರಮವನ್ನು ಮೊದಲಿನಿಂದ ಮಾಡಿ. ಹಗಲಿನಲ್ಲಿ ಪರೀಕ್ಷಿಸುವಾಗ ಕೊಳವೆಯ ಮುಚ್ಚಳ ತೆಗೆಯಬೇಡಿ. ಸೂರ್ಯನ ಕಡೆ ತಿರುಗಿದ ದೂರದರ್ಶಕದಲ್ಲಿ ಒಂದು ಕ್ಷಣ ಇಣುಕಿದರೂ ಕಣ್ಣು ಹೋಗುತ್ತದೆ.

ಮಾಡಿ ನೋಡಿ

ರಿಪೇರಿಗೆ ಮೊದಲೂ ಆಮೇಲೂ ಬಿಗಿಯನ್ನು ಅಳೆಯಬಹುದು. ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯನ್ನು ಅಕ್ಷದಿಂದ 20 ಸೆಂ.ಮೀ. ದೂರದಲ್ಲಿ ಗುಂಡಿನ ದಂಡಕ್ಕೆ ಸಿಕ್ಕಿಸಿ, ದಂಡಕ್ಕೆ ಲಂಬವಾಗಿ ಮೆಲ್ಲಗೆ ಎಳೆಯಿರಿ. ಅಕ್ಷ ಒಂದೇ ಸಮನಾಗಿ ಚಲಿಸುವಾಗ ತಕ್ಕಡಿ ತೋರಿಸುವ ಸಂಖ್ಯೆಯನ್ನು ಬರೆದುಕೊಳ್ಳಿ. ಅದೇ ಜಾಗದಲ್ಲಿ ವಿರುದ್ಧ ದಿಕ್ಕಿಗೂ ಎಳೆಯಿರಿ. ಒಂದು ಕಡೆ 900 ಗ್ರಾಂ, ಇನ್ನೊಂದು ಕಡೆ 500 ಗ್ರಾಂ ಬಂತೆನ್ನಿ. ಸರಾಸರಿ 700, ಇದು ಘರ್ಷಣೆಯ ಪಾಲು. ವ್ಯತ್ಯಾಸದ ಅರ್ಧ 200. ಇದು ಸಮತೂಕ ತಪ್ಪಿದ್ದರ ಪಾಲು. ಹೀಗೆ ಎರಡು ದೋಷಗಳನ್ನು ಒಂದೇ ಪ್ರಯೋಗ ಬೇರ್ಪಡಿಸುತ್ತದೆ. ಶುಚಿಮಾಡಿದ ಮೇಲೆ 700 ಎಷ್ಟಕ್ಕೆ ಇಳಿಯಿತು ಎಂಬುದೇ ನಿಮ್ಮ ಕೆಲಸದ ಅಂಕಪಟ್ಟಿ. ಪ್ರತಿ ವರ್ಷ ಮಳೆಗಾಲ ಮುಗಿದೊಡನೆ ಈ ಅಳತೆ ಮಾಡಿ ಬರೆದಿಡಿ. ಸಂಖ್ಯೆ ಏರತೊಡಗಿದರೆ, ಪೀಠ ಪೂರ್ತಿ ಬಿಗಿಯಾಗಿ ನಿಲ್ಲುವುದಕ್ಕೆ ಬಹಳ ಮೊದಲೇ ನಿಮಗೆ ಸೂಚನೆ ಸಿಗುತ್ತದೆ.

ಬಿಗಿಯಾದ ಯಂತ್ರ ಹಟ ಮಾಡುತ್ತಿಲ್ಲ. ಎಲ್ಲೋ ಒಂದು ಕಡೆ ತೊಂದರೆ ಇದೆ ಎಂದು ತಿಳಿಸುತ್ತಿದೆ. ಆ ಕಡೆ ಯಾವುದೆಂದು ಹುಡುಕಿದವರಿಗೆ ಒಂದು ಅಲೆನ್ ಕೀ, ಒಂದಿಷ್ಟು ಗ್ರೀಸ್ ಸಾಕು. ಮುಂದಿನ ತಿಳಿಯಾದ ರಾತ್ರಿ ಬರುವ ಮೊದಲೇ, ಹಗಲು ಬೆಳಕಿನಲ್ಲಿ, ನಿಮ್ಮ ದೂರದರ್ಶಕದ ಅಕ್ಷವನ್ನೊಮ್ಮೆ ಕೈಯಿಂದ ತಿರುಗಿಸಿ ನೋಡಿ.